ಅಂಗಳದಿಂದ 30 ಮೀಟರ್: ಗುಡ್ಡೆ ಊರಿನ ಹೊಸ ಡ್ರೋನ್ ಹವ್ಯಾಸಿಯೊಬ್ಬರ ಪ್ರಕರಣ

ಹೊಸ ಡ್ರೋನೊಂದು ಮನೆಗೆ ಮರಳುವಾಗ ಗುಡ್ಡೆಯ ಮರಕ್ಕೆ ಸಿಕ್ಕಿಕೊಂಡ ಈ ಪ್ರಕರಣ ಕಾಸರಗೋಡು ಜಿಲ್ಲೆಯ ಒಳನಾಡಿನದು. ಹೆಸರು, ಊರು, ದಿನಾಂಕ ಬಿಟ್ಟಿದೆ. ಹಾರಿಸಿದವರನ್ನು ಊರಿನವರು ಕರೆಯುವ ಹಾಗೆ ಮಾಸ್ಟ್ರು ಎಂದಷ್ಟೇ ಬರೆದಿದೆ.

ಹಿನ್ನೆಲೆ

ಮಾಸ್ಟ್ರು ಕನ್ನಡ ಶಾಲೆಯೊಂದರ ಅಧ್ಯಾಪಕರು, ವಯಸ್ಸು ಐವತ್ತರ ಹತ್ತಿರ. ಮನೆ, ಅಡಕೆ ತೋಟ ಎರಡೂ ಕಣಿವೆಯ ತಳದಲ್ಲಿ. ಈ ಸೀಮೆಯ ನೆಲ ಹೇಗೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ: ಕೆಳಗೆ ತೋಡು, ತೋಡಿನ ಬದಿಗೆ ತೋಟ, ತೋಟದ ತಲೆಯಲ್ಲಿ ಮನೆ, ಮನೆಯ ಹಿಂದೆ ಗುಡ್ಡೆಯ ಏರು, ಏರು ಹತ್ತಿದರೆ ಮುರಕಲ್ಲಿನ ಪದವು, ಅಂದರೆ ಗುಡ್ಡೆಯ ತಲೆಯ ಸಮತಟ್ಟು ಬಯಲು. ಪದವು ದಾಟಿದರೆ ಮತ್ತೆ ಇಳಿಜಾರು, ಮತ್ತೊಂದು ತೋಟ, ಮತ್ತೊಬ್ಬರ ಮನೆ. ಡ್ರೋನ್ ಬಿದ್ದದ್ದಕ್ಕೆ ಮುಖ್ಯ ಕಾರಣ ಈ ಏರುತಗ್ಗಿನಲ್ಲೇ ಇದೆ.

ಡ್ರೋನಿನ ಆಸೆ ಹುಟ್ಟಿದ್ದು ತೋಟವನ್ನು ಮೇಲಿನಿಂದ ನೋಡಬೇಕೆಂದು. ಗಲ್ಫಿನಲ್ಲಿರುವ ಭಾವ, ರಜೆಗೆ ಬರುವಾಗ 600 ಗ್ರಾಂ ತೂಕದ ಒಳ್ಳೆಯದೊಂದನ್ನು ತರುತ್ತೇನೆಂದರು. ಇಂಜಿನಿಯರಿಂಗ್ ಓದುವ ಅಳಿಯ ಬೇಡವೆಂದ. 2022ರ ಫೆಬ್ರವರಿ 9ರಿಂದ ಹೊರದೇಶದ ಸಿದ್ಧ ಡ್ರೋನುಗಳ ಆಮದಿಗೆ ನಿಷೇಧವಿದೆ; ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಇಟ್ಟು ತಂದರೂ ಕಸ್ಟಮ್ಸಿನವರ ಕೈಗೆ ಹೋಗುವುದೇ ಹೆಚ್ಚು. ಅದಲ್ಲದೆ 250 ಗ್ರಾಂ ದಾಟಿದರೆ ಡ್ರೋನು ನ್ಯಾನೋ ವರ್ಗದಿಂದ ಮೈಕ್ರೋ ವರ್ಗಕ್ಕೆ ಹೋಗುತ್ತದೆ. ಹವ್ಯಾಸಕ್ಕೆ ಹಾರಿಸುವವರಿಗೆ ಅಲ್ಲೂ ಪೈಲಟ್ ಪ್ರಮಾಣಪತ್ರ ಬೇಡ, ಆದರೆ ಯಂತ್ರದ ಮಾದರಿಗೆ ಒಪ್ಪಿಗೆ ಸಿಕ್ಕಿದೆಯೆನ್ನುವ ಟೈಪ್ ಸರ್ಟಿಫಿಕೇಟ್ ಇರಬೇಕು, ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಬೇಕು. ಕೊನೆಗೆ ಇಲ್ಲಿಯೇ ಸಿಗುವ, ಜಿಪಿಎಸ್ ಇರುವ 249 ಗ್ರಾಂನ ಡ್ರೋನನ್ನು ಕೊಂಡರು. ರೆಕ್ಕೆಗಳಿಗೆ ಸುತ್ತಲೂ ಹಾಕುವ ಕಾವಲನ್ನೂ ತರಿಸಿದ್ದರು. ತೂಗಿ ನೋಡಿದರೆ ಅದನ್ನು ಹಾಕಿದ ಕೂಡಲೇ ತೂಕ 250 ದಾಟುತ್ತದೆ. ಹಾಗಾಗಿ ಅದು ಪೆಟ್ಟಿಗೆಯಲ್ಲೇ ಉಳಿಯಿತು. ತೂಕದ ಲೆಕ್ಕ ಖಾಲಿ ಯಂತ್ರದ್ದಲ್ಲ, ಅಂಟಿಸಿದ ದೀಪ, ಸಿಕ್ಕಿಸಿದ ಕಾವಲು ಎಲ್ಲ ಸೇರಿ ಹಾರುವಾಗಿನದು. ಇದು ಅನೇಕರಿಗೆ ತಡವಾಗಿ ಗೊತ್ತಾಗುತ್ತದೆ.

ನ್ಯಾನೋ ಆದರೂ ನೋಂದಣಿ ಮಾಡಿಸಿ ಯುಐಎನ್, ಅಂದರೆ ಡ್ರೋನಿನ ಗುರುತಿನ ಸಂಖ್ಯೆ, ಪಡೆಯಬೇಕು. 2021ರ ಡ್ರೋನ್ ನಿಯಮಗಳಲ್ಲಿ ಅದಕ್ಕೆ ಶುಲ್ಕ 100 ರೂಪಾಯಿ. ಅದನ್ನು ಮಾಸ್ಟ್ರು ಮೊದಲ ವಾರವೇ ಮುಗಿಸಿದರು. ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಮನೆಯ ಜಾಗ ಹಸಿರು ವಲಯ. ಮಂಗಳೂರಿನ ಬಜ್ಪೆಯ ನಿಲ್ದಾಣವೂ ಮಟ್ಟನ್ನೂರಿನ ಕಣ್ಣೂರು ನಿಲ್ದಾಣವೂ 12 ಕಿಲೋಮೀಟರಿಗಿಂತ ಎಷ್ಟೋ ದೂರ, ಹಾಗಾಗಿ 120 ಮೀಟರ್, ಅಂದರೆ 400 ಅಡಿ, ಎತ್ತರದವರೆಗೆ ಅನುಮತಿ ಕೇಳದೆ ಹಾರಿಸಬಹುದು. ಕಾಗದಪತ್ರದ ಮಟ್ಟಿಗೆ ಇವರಷ್ಟು ಅಚ್ಚುಕಟ್ಟಾದ ಹೊಸಬರು ಕಡಿಮೆ. ತಪ್ಪಾದದ್ದು ಬೇರೆ ಕಡೆ.

ಮೊದಲ ಕೆಲವು ಹಾರಾಟ

ಮೊದಲ ಹಾರಾಟ ಮನೆಯ ತಾರಸಿಯಿಂದ. ಅಂಗಳದ ತುಂಬ ಅಡಕೆ ಒಣಗಲು ಹರಡಿತ್ತು, ಬೇರೆ ಜಾಗವಿರಲಿಲ್ಲ. ಆ್ಯಪ್ ದಿಕ್ಸೂಚಿಯ ದೋಷ ತೋರಿಸಿತು. ಮಾಸ್ಟ್ರು ತೆರೆಯ ಮೇಲೆ ಹೇಳಿದಂತೆ ಡ್ರೋನನ್ನು ಅಡ್ಡ ತಿರುಗಿಸಿ, ಉದ್ದ ತಿರುಗಿಸಿ ಅಲ್ಲಿಯೇ ಕ್ಯಾಲಿಬ್ರೇಷನ್ ಮಾಡಿದರು. ದೋಷದ ಸೂಚನೆ ಹೋಯಿತು. ಹಾರಿಸಿದರೆ ಡ್ರೋನು ನಿಂತಲ್ಲಿ ನಿಲ್ಲದೆ ಮೊಸರು ಕಡೆದ ಹಾಗೆ ಸುತ್ತು ಹಾಕುತ್ತಾ, ಸುತ್ತನ್ನು ದೊಡ್ಡದು ಮಾಡುತ್ತಾ ಹೋಯಿತು. ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳು ದಿಕ್ಸೂಚಿಯನ್ನು ಎಳೆಯುತ್ತವೆ. ಅಲ್ಲಿ ಕ್ಯಾಲಿಬ್ರೇಷನ್ ಮಾಡುವುದೆಂದರೆ ತಪ್ಪು ಉತ್ತರವನ್ನೇ ಸರಿಯೆಂದು ಕಲಿಸಿಕೊಟ್ಟ ಹಾಗೆ. ಪುಣ್ಯಕ್ಕೆ ಎರಡು ಮೀಟರ್ ಎತ್ತರದಲ್ಲಿತ್ತು, ಇಳಿಸಿದರು. ಮರುದಿನ ಬಚ್ಚಲ ಬದಿಯ ಮಣ್ಣಿನ ಜಾಗದಲ್ಲಿ, ಸ್ಕೂಟರಿನಿಂದ ದೂರ ನಿಂತು, ಕಿಸೆಯಲ್ಲಿದ್ದ ಬೀಗದ ಗೊಂಚಲು ತೆಗೆದಿಟ್ಟು ಮತ್ತೆ ಮಾಡಿದ ಮೇಲೆ ಸರಿಹೋಯಿತು.

ಅಲ್ಲಿಂದ ಮುಂದಿನ ಮೂರು ಹಾರಾಟಗಳಲ್ಲಿ ಏನೂ ಆಗಲಿಲ್ಲ. ಹೊಸಬರಿಗೆ ಇದೇ ಅಪಾಯದ ಘಟ್ಟ. ರಿಮೋಟಿನ ಕೋಲು ಬಿಟ್ಟರೆ ಡ್ರೋನು ಗಾಳಿಯಲ್ಲಿ ತಾನೇ ನಿಲ್ಲುತ್ತದೆ, ಗುಂಡಿ ಒತ್ತಿದರೆ ತಾನೇ ಮನೆಗೆ ಬರುತ್ತದೆ. ಅಷ್ಟನ್ನು ಕಂಡವರಿಗೆ ಇನ್ನು ಕಲಿಯುವುದು ಏನಿದೆ ಎಂದು ಅನಿಸುತ್ತದೆ. ಅಳಿಯ ಫೋನಿನಲ್ಲಿ, “ಮಾವ, ಆರ್‌ಟಿಎಚ್ ಎತ್ತರ ಎಷ್ಟಿಟ್ಟಿದ್ದೀರಿ?” ಎಂದು ಕೇಳಿದ್ದ. “ಅದು ಕೊಟ್ಟದ್ದು ಹೇಗಿತ್ತೋ ಹಾಗೆಯೇ ಉಂಟು” ಎಂದಿದ್ದರು ಮಾಸ್ಟ್ರು. ಆರ್‌ಟಿಎಚ್ ಎಂದರೆ ರಿಟರ್ನ್ ಟು ಹೋಮ್, ಡ್ರೋನು ತಾನೇ ಮನೆಗೆ ಮರಳುವುದು; ಅದಕ್ಕೆ ಏರಬೇಕಾದ ಎತ್ತರವೆಂದು ಕಾರ್ಖಾನೆಯವರು ಇಟ್ಟದ್ದು 30 ಮೀಟರ್. ಮಾತು ಅಲ್ಲಿಗೆ ನಿಂತಿತು.

ಆ ದಿನ

ಮಧ್ಯಾಹ್ನ ಮೂರೂ ಮುಕ್ಕಾಲು. ಪಡುವಣದ ಕಡಲಗಾಳಿ ಆಗಲೇ ಬಲವಾಗಿತ್ತು, ಅಡಕೆಯ ತಲೆಗಳು ಮೂಡಣಕ್ಕೆ ಬಾಗುತ್ತಿದ್ದವು. ಮಾಸ್ಟ್ರು ಬಚ್ಚಲ ಬದಿಯಿಂದ ಏರಿಸಿ, 60 ಮೀಟರ್ ಎತ್ತರದಲ್ಲಿ ಮೂಡಣಕ್ಕೆ, ಗುಡ್ಡೆಯ ಕಡೆಗೆ ಬಿಟ್ಟರು. ಗಾಳಿ ಬೆನ್ನಿಗೆ. ನಿಮಿಷದೊಳಗೆ ಡ್ರೋನು ಪದವು ದಾಟಿತು. ಆಚೆ ಕಣಿವೆಯಲ್ಲಿ ಒಂದು ಮದಕ, ಅಂದರೆ ಚಿಕ್ಕ ಕೆರೆ, ನೀರು ತುಂಬಿ ಹೊಳೆಯುತ್ತಿತ್ತು. ಅದನ್ನು ಹತ್ತಿರದಿಂದ ನೋಡಲು ಕೆಳಗಿಳಿಸಿದರು: 50, 40, 25. ಚಿತ್ರ ತುಂಡುತುಂಡಾಯಿತು, ಆಮೇಲೆ ನಿಂತೇ ಹೋಯಿತು.

ರೇಡಿಯೋ ಅಲೆ ಗುಡ್ಡೆಯನ್ನು ತೂರಿ ಬರುವುದಿಲ್ಲ. ಸಂಪರ್ಕ ಕಡಿದದ್ದರಿಂದ ಡ್ರೋನು ಕೆಲವು ಸೆಕೆಂಡು ಕಾದು, ತನಗೆ ಹೇಳಿಟ್ಟದ್ದನ್ನು ಮಾಡಿತು. 25 ಮೀಟರಿನಲ್ಲಿತ್ತು, 30ಕ್ಕೆ ಏರಿತು, ಮನೆಯ ಕಡೆಗೆ ಮುಖ ತಿರುಗಿಸಿ ನೇರ ಹೊರಟಿತು. ಎದುರಿಗೆ ಗಾಳಿ, ವೇಗ ಸೆಕೆಂಡಿಗೆ ನಾಲ್ಕು ಮೀಟರಷ್ಟೇ. ಪದವಿನ ತಲೆ ಮಾಸ್ಟ್ರ ಅಂಗಳದಿಂದ 38 ಮೀಟರ್ ಎತ್ತರದಲ್ಲಿದೆ. 30 ಮೀಟರಿನಲ್ಲಿ ಹಾರುವ ಯಂತ್ರಕ್ಕೆ ಆ ಗುಡ್ಡೆ ಗೋಡೆಯೇ ಸರಿ. ಮುಂದೆ ನೋಡುವ ಸೆನ್ಸಾರ್ ಈ ಅಗ್ಗದ ಮಾದರಿಯಲ್ಲಿಲ್ಲ. ಸುಮಾರು 20 ಸೆಕೆಂಡು ಬಂದು, ಆಚೆ ಇಳಿಜಾರಿನ ಗೇರು ಮರವೊಂದರ ತಲೆಗೆ ಹೋಗಿ ಸಿಕ್ಕಿಕೊಂಡಿತು. ಬ್ಯಾಟರಿ ಇನ್ನೂ ಶೇ. 58 ಇತ್ತು.

ಆ 20 ಸೆಕೆಂಡಿನಲ್ಲಿ ಮಾಸ್ಟ್ರು ಏರುವ ಕೋಲನ್ನು ಬಲವಾಗಿ ಒತ್ತಿ ಹಿಡಿದಿದ್ದರು. ಡ್ರೋನಿಗೆ ಅದು ಮುಟ್ಟಲೇ ಇಲ್ಲ. ಕೈಚಳಕ ಎಷ್ಟಿದ್ದರೂ ಅಲ್ಲಿ ಉಪಯೋಗವಿರಲಿಲ್ಲ. ಕೆಲಸ ಕೆಟ್ಟದ್ದು ಏರಿಸುವ ಮೊದಲೇ, ಆ್ಯಪಿನ ಒಂದು ಅಂಕಿಯಲ್ಲಿ.

ಹುಡುಕಾಟ, ಅಜ್ಜಿಯ ಬಾವಿ

ಮುಂದಿನ ಒಂದು ನಿರ್ಧಾರ ಚೆನ್ನಾಗಿತ್ತು. ಮಾಸ್ಟ್ರು ಆ್ಯಪ್ ಮುಚ್ಚಲಿಲ್ಲ, ರಿಮೋಟ್ ಆರಿಸಲಿಲ್ಲ. ತೆರೆಯಲ್ಲಿ ಕೊನೆಯದಾಗಿ ದಾಖಲಾಗಿದ್ದ ಜಾಗದ ಚಿತ್ರ ತೆಗೆದಿಟ್ಟುಕೊಂಡು, ರಿಮೋಟ್ ಹಿಡಿದೇ ಗುಡ್ಡೆ ಹತ್ತಿದರು. ಪದವಿನ ಮೇಲೆ ಬಂದದ್ದೇ ತಡ, ಗುಡ್ಡೆಯ ಅಡ್ಡ ತಪ್ಪಿ ಸಂಪರ್ಕ ಮತ್ತೆ ಬಂತು. ನಕ್ಷೆಯಲ್ಲಿ ಹೊಸ ಜಾಗ, ಕೆಮರಾದಲ್ಲಿ ಗೇರೆಲೆ. ಡ್ರೋನು ಬೀಪ್ ಹಾಕುವಂತೆ ಮಾಡುವ ಗುಂಡಿ ಒತ್ತಿ ಕಿವಿಗೊಟ್ಟು ಹೋದರು. ಇಂಥ ಹೊತ್ತಿನಲ್ಲಿ ನಾಳೆ ನೋಡುವ ಎಂದು ಮನೆಗೆ ಹೋದರೆ ಬ್ಯಾಟರಿ ಸತ್ತು ಸದ್ದೂ ಇಲ್ಲ, ಜಾಗವೂ ಇಲ್ಲ. ಜಿಪಿಎಸ್ ಜಾಗ ಕೆಲವು ಮೀಟರ್ ಆಚೀಚೆ ಇರುತ್ತದೆ, ಗೇರಿನ ತೋಪಿನಲ್ಲಿ ಅಷ್ಟು ವ್ಯತ್ಯಾಸವೇ ಎರಡು ಮರದ ಲೆಕ್ಕ.

ಮರದಿಂದ ತೆಗೆಯಲು ಅಡಕೆ ಕೀಳುವ ಉದ್ದದ ಕೋಲು, ದೋಟಿ, ಬೇಕಾಯಿತು. ದೋಟಿಗಾಗಿ ಕೆಳಗಿನ ಮನೆಗೆ ಇಳಿದರು. ಅಲ್ಲಿನ ಅಜ್ಜಿ ಅಂಗಳದಲ್ಲಿ ಒಣಗಿದ್ದ ಬಟ್ಟೆಗಳನ್ನೆಲ್ಲ ಒಳಗೆ ಹಾಕಿ, ಬಾವಿಗೆ ಟಾರ್ಪಾಲು ಹೊದೆಸಿ, ಬಾಗಿಲಲ್ಲಿ ನಿಂತಿದ್ದರು.

“ಮಾಸ್ಟ್ರೇ, ಅದು ಎಂತ? ಪುನಃ ಮದ್ದು ಬಿಡ್ಲಿಕ್ಕೆ ಬಂದದ್ದಾ?”

ಈ ಪ್ರಶ್ನೆ ಬೇರೆ ಜಿಲ್ಲೆಯ ಓದುಗರಿಗೆ ಅರ್ಥವಾಗಲಿಕ್ಕಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಕಾಸರಗೋಡಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಎಣ್ಮಕಜೆಯಂಥ ಊರುಗಳಲ್ಲಿ ಹುಟ್ಟಿದ ಮಕ್ಕಳ ಸ್ಥಿತಿಯನ್ನು ದೇಶವೇ ನೋಡಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಷೇಧಿಸಿತು. ತೋಪಿನ ಸೆರಗಿನ ಮನೆಗಳಲ್ಲಿ ಅರುವತ್ತು ದಾಟಿದವರಿಗೆ ಮೇಲಿನಿಂದ ಬರುವ ಮೋಟರಿನ ಸದ್ದೆಂದರೆ ಬಾವಿ ಮುಚ್ಚುವ ಸದ್ದು. ಮಾಸ್ಟ್ರು ಅದೇ ನೆಲದವರು, ಆದರೆ ಹಾರಿಸುವ ಹೊತ್ತಿಗೆ ಅದು ನೆನಪಾಗಲಿಲ್ಲ. ಅವರ ಕಣ್ಣಿಗೆ ಅದು 249 ಗ್ರಾಂನ ಆಟಿಕೆ.

ಅಜ್ಜಿಯ ಮಗ ಬಂದಾಗ ಮಾತು ಸ್ವಲ್ಪ ಬಿಸಿಯಾಯಿತು. ಅವನ ಆಕ್ಷೇಪ ಬೇರೆ: ಮದಕದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಾರೆ, ಅದರ ಮೇಲೆ ಕೆಮರಾ ಏಕೆ? ಮಾಸ್ಟ್ರು ವಾದಕ್ಕೆ ಹೋಗಲಿಲ್ಲ. ಡ್ರೋನು ಇಳಿದ ಮೇಲೆ ಅಲ್ಲಿಯೇ ಕುಳಿತು ವೀಡಿಯೋ ಪೂರ್ತಿ ತೋರಿಸಿದರು, ಅವರ ಕಣ್ಣೆದುರೇ ಅಳಿಸಿದರು. ಕಾರ್ಡಿನಲ್ಲಿದ್ದದ್ದನ್ನು ಅಳಿಸಿದರೂ ಫೋನಿನ ಆ್ಯಪಿನೊಳಗೆ ಚಿಕ್ಕ ಪ್ರತಿಯೊಂದು ಉಳಿದಿರುತ್ತದೆಂದು ನೆನಪಿಸಿ ಅದನ್ನೂ ಅಳಿಸಲು ಹೇಳಿದ್ದು ಅಳಿಯ, ಫೋನಿನಲ್ಲಿ. ಇದು ತಿಳಿಯದೆ “ಅಳಿಸಿದ್ದೇನೆ” ಎಂದು ಹೇಳಿ ಆಮೇಲೆ ಸುಳ್ಳುಗಾರರಾದವರಿದ್ದಾರೆ. ಪ್ರಕರಣ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲಿಲ್ಲ.

ದುರಸ್ತಿ

ನಷ್ಟ: ಎರಡು ರೆಕ್ಕೆ ತುಂಡು, ಒಂದು ತೋಳಿನಲ್ಲಿ ಕೂದಲೆಳೆಯ ಬಿರುಕು, ಒಂದು ಬದಿ ಉಬ್ಬಿದ ಬ್ಯಾಟರಿ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಒಮ್ಮೆ ಚಾರ್ಜ್ ಮಾಡಿ ನೋಡುವ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಹೊತ್ತಿಕೊಳ್ಳುವುದು ಆ ಹೊತ್ತಿನಲ್ಲೇ. ಅದನ್ನು ಹೊರಗೆ, ಹೊಯಿಗೆ ತುಂಬಿದ ಹಳೆಯ ಬಕೆಟಿನಲ್ಲಿಟ್ಟು ಆಮೇಲೆ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಟ್ಟರು.

ರೆಕ್ಕೆ ಹಾಕುವಾಗ ಇನ್ನೊಂದು ಎಡವಟ್ಟು. ನಾಲ್ಕು ರೆಕ್ಕೆಗಳಲ್ಲಿ ಎರಡು ಬಲಕ್ಕೆ ತಿರುಗುವವು, ಎರಡು ಎಡಕ್ಕೆ; ಮೂಲೆಯಿಂದ ಮೂಲೆಗೆ ಜೋಡಿ. ಒಂದು ಅದಲುಬದಲಾದರೆ ಆ ಮೂಲೆ ಗಾಳಿಯನ್ನು ಕೆಳಗೆ ತಳ್ಳುವುದಿಲ್ಲ. ಹೊಸ ರೆಕ್ಕೆ ಹಾಕಿ ಏರಿಸಿದ ಕ್ಷಣವೇ ಡ್ರೋನು ಮಗುಚಿತು. ರೆಕ್ಕೆಯ ಬುಡದಲ್ಲೂ ತೋಳಿನಲ್ಲೂ ಗುರುತು ಇರುತ್ತದೆ, ಅದನ್ನು ನೋಡಿ ಹೊಂದಿಸಬೇಕು. ಒಂದು ರೆಕ್ಕೆ ಮಾತ್ರ ಮುರಿದಿದ್ದರೂ ಆ ಮೋಟರಿನ ಜೋಡಿಯನ್ನೇ ಬದಲಿಸುವುದು ಒಳ್ಳೆಯದು. ಹಳತು ಹೊಸತು ಬೆರೆತರೆ ನಡುಕ ಬರುತ್ತದೆ, ವೀಡಿಯೋ ಜೆಲ್ಲಿಯ ಹಾಗೆ ಅಲುಗುತ್ತದೆ.

ಮತ್ತೆ ಮೊದಲಿನಿಂದ

ಎರಡನೆಯ ಸಲ ಮಾಸ್ಟ್ರು ಶುರುಮಾಡಿದ್ದು ಲಾಗ್, ಅಂದರೆ ಆ್ಯಪಿನಲ್ಲಿ ಉಳಿದ ಹಾರಾಟದ ದಾಖಲೆ, ಓದುವುದರಿಂದ. ತೆರೆಯ ಮೇಲಿನ ಎತ್ತರ ಏರಿಸಿದ ಜಾಗದಿಂದ ಲೆಕ್ಕ; ಡ್ರೋನಿನ ಕೆಳಗಿರುವ ನೆಲದಿಂದಲ್ಲ. ಅಂದು 60 ಎಂದು ತೋರಿಸುತ್ತಿದ್ದಾಗ ಪದವಿನ ಮೇಲೆ ಅದು ನೆಲದಿಂದ 22 ಮೀಟರ್ ಮಾತ್ರ. ಬಯಲುಸೀಮೆಯ ಹವ್ಯಾಸಿಗೆ ಈ ಎರಡು ಲೆಕ್ಕ ಒಂದೇ, ಹಾಗಾಗಿ ಕಲಿಸುವ ವೀಡಿಯೋಗಳಲ್ಲಿ ಇದನ್ನು ಒತ್ತಿ ಹೇಳುವುದು ಕಡಿಮೆ. ಗುಡ್ಡೆ ಊರಿನಲ್ಲಿ ಮೊದಲ ಪಾಠವೇ ಇದಾಗಬೇಕು.

ಪದವು ಅಂಗಳದಿಂದ 38 ಮೀಟರ್ ಮೇಲೆ ಎಂದು ಗೊತ್ತಾದದ್ದು ಹೇಗೆ? ಡ್ರೋನಿನಿಂದಲೇ ಅಳೆದರು. ಅಂಗಳದ ಮೇಲೆ ನೇರ ಏರಿಸುತ್ತಾ, ಕೆಮರಾವನ್ನು ಕೆಳಗೆ ಬಾಗಿಸದೆ ಸೊನ್ನೆ ಡಿಗ್ರಿಯಲ್ಲಿಟ್ಟು ಗುಡ್ಡೆಯ ಕಡೆ ತಿರುಗಿಸಬೇಕು. ಚಿತ್ರದ ನಡುಗೆರೆಗಿಂತ ಮೇಲೆ ಕಾಣುವುದೆಲ್ಲ ಡ್ರೋನಿಗಿಂತ ಎತ್ತರದ್ದು. ಪದವಿನ ಅಂಚು ಸರಿಯಾಗಿ ನಡುಗೆರೆಗೆ ಬಂದಾಗ ತೆರೆಯಲ್ಲಿ ಎಷ್ಟಿದೆಯೋ ಅದೇ ಆ ಅಂಚಿನ ಎತ್ತರ. ಮರದ ತಲೆಗೂ ಇದೇ ಉಪಾಯ. ಅಂಚು 38ರಲ್ಲಿ, ಅದರ ಮೇಲಿನ ಗೇರು ಮರಗಳ ತಲೆ 48ರಲ್ಲಿ ನಡುಗೆರೆಗೆ ಬಂತು. ಮರದ ತಲೆಯ 48ಕ್ಕೆ 15 ಸೇರಿಸಿ, ಬಂದ 63ನ್ನು ಸ್ವಲ್ಪ ಏರಿಸಿ, ಅಂಗಳದಿಂದ ಹಾರಿಸುವಾಗ ಆರ್‌ಟಿಎಚ್ 65 ಎಂದು ಗೊತ್ತುಮಾಡಿದರು. ಆ 15 ಏಕೆಂದರೆ, ಡ್ರೋನು ಎತ್ತರವನ್ನು ತಿಳಿಯುವುದು ಗಾಳಿಯ ಒತ್ತಡದಿಂದ. ಹಾರಾಟದ ನಡುವೆ ಅದು ಕೆಲವು ಮೀಟರ್ ತಪ್ಪಬಹುದು.

ಆದರೆ ಅಂಗಳದಿಂದ ಹಾರಿಸುವುದನ್ನೇ ಆರು ವಾರ ಬಿಟ್ಟರು. ಅಡಕೆ ಮರಗಳ ನಡುವೆ ಆಕಾಶ ಕಾಣುವುದು ಕಡಿಮೆ, ಉಪಗ್ರಹಗಳನ್ನು ಹಿಡಿಯಲು ತಡ. ಉಪಗ್ರಹ ಸಾಲುವ ಮೊದಲೇ ಏರಿಸಿದರೆ, ಸಂಕೇತ ಬಲವಾದ ಜಾಗವನ್ನೇ ಡ್ರೋನು ‘ಮನೆ’ ಎಂದು ಬರೆದುಕೊಳ್ಳುತ್ತದೆ. ಅದು ತೋಟದ ನಡುವೆಯೂ ಆಗಬಹುದು. ಹೋಮ್ ಪಾಯಿಂಟ್ ದಾಖಲಾಯಿತೆಂದು ಆ್ಯಪ್ ಹೇಳುವವರೆಗೆ ಕಾಯುವುದು, ನಕ್ಷೆಯಲ್ಲಿ ಅದು ತಮ್ಮ ಕಾಲಬುಡದಲ್ಲೇ ಇದೆಯೇ ಎಂದು ನೋಡುವುದು, ಇದು ರೂಢಿಯಾಯಿತು.

ಅಭ್ಯಾಸ ಪದವಿಗೆ ಹೋಯಿತು. ಬೆಳಿಗ್ಗೆ ಎಂಟರಿಂದ ಒಂಬತ್ತೂವರೆ. ಕಡಲಗಾಳಿ ಏಳುವ ಮೊದಲು, ಇಬ್ಬನಿ ಆರಿದ ಮೇಲೆ. ಹುಲ್ಲಿನ ತುದಿಯಲ್ಲಿ ಹನಿ ಇದ್ದರೆ ಕೆಮರಾದ ಗಾಜಿನ ಮೇಲೂ ಇರುತ್ತದೆ. ಮುರಮಣ್ಣಿನ ಪುಡಿ ಮೋಟರಿನೊಳಗೆ ಹೋಗದ ಹಾಗೆ ಹಳೆಯ ಫ್ಲೆಕ್ಸಿನ ತುಂಡೊಂದನ್ನು ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು ಅದರ ಮೇಲಿಂದ ಏರಿಸಿದರು. ಕಲ್ಲಿಡದಿದ್ದರೆ ಫ್ಲೆಕ್ಸೇ ರೆಕ್ಕೆಗೆ ಸುತ್ತಿಕೊಳ್ಳುತ್ತದೆ.

ಮೊದಲ ಆರು ಸಲ ಬ್ಯಾಟರಿ ಮುಗಿಯುವವರೆಗೆ ಹಾರಾಟ 30 ಮೀಟರ್ ದೂರದೊಳಗೆ, 15 ಮೀಟರ್ ಎತ್ತರದೊಳಗೆ ಮಾತ್ರ. ಮೂರು ಮೀಟರಿನಲ್ಲಿ ಒಂದು ನಿಮಿಷ ನಿಲ್ಲಿಸುವುದು. ಡ್ರೋನಿನ ಬೆನ್ನು ತಮ್ಮ ಕಡೆಗಿಟ್ಟು ಚೌಕ ಹಾಕುವುದು. ಆಮೇಲೆ ಅದರ ಮುಖವನ್ನು ತಮ್ಮ ಕಡೆಗೆ ತಿರುಗಿಸಿ ಅದೇ ಚೌಕ. ಮುಖ ಈಚೆ ತಿರುಗಿದಾಗ ಎಡ ಬಲ ಅದಲುಬದಲಾಗುತ್ತದೆ, ಗಾಬರಿಯಲ್ಲಿ ಹೊಸಬರು ಮರಕ್ಕೆ ಹೊಡೆಯುವುದು ಹೆಚ್ಚಾಗಿ ಇಲ್ಲಿಯೇ. ಮಾಸ್ಟ್ರಿಗೆ ಇದು ಕೈಗೆ ಬರಲು ಮೂರು ಬ್ಯಾಟರಿ ಹಿಡಿಯಿತು. ತೊಡಕಾದರೆ ಎರಡೂ ಕೋಲು ಬಿಟ್ಟುಬಿಡುವುದು ಎಂಬುದನ್ನೂ ಬೇಕೆಂದೇ ಅಭ್ಯಾಸ ಮಾಡಿದರು. ಬಯಲಿನಲ್ಲಿ ಆರ್‌ಟಿಎಚ್ ಗುಂಡಿ ಒತ್ತಿ, ಅರ್ಧ ದಾರಿಯಲ್ಲಿ ರದ್ದು ಮಾಡಿ, ಕೈಯಿಂದ ಇಳಿಸುವುದನ್ನು ನಾಲ್ಕು ಸಲ ಮಾಡಿದರು. ಸಹಾಯಕ್ಕೆ ಅಳಿಯ ನಿಂತಾಗ ಅವನ ಕಣ್ಣು ಡ್ರೋನಿನ ಮೇಲೆ ಮಾತ್ರ. “ಮಾವ, ಕಾಣುವುದಿಲ್ಲ” ಎಂದರೆ ಕೂಡಲೇ ಹಿಂದಕ್ಕೆ. ಇಷ್ಟು ಚಿಕ್ಕ ಯಂತ್ರ 150, 200 ಮೀಟರ್ ದಾಟಿದರೆ ಆಕಾಶದಲ್ಲಿ ಚುಕ್ಕಿ. ಮುಖ ಯಾವ ಕಡೆಗೆಂದು ಹೇಳಲಾಗದು. ಗರುಡವೊಂದು ಎರಗಿ ಬಂದ ದಿನ ಡ್ರೋನನ್ನು ನೇರ ಮೇಲಕ್ಕೆ ಏರಿಸಿ ತಪ್ಪಿಸಿದರು. ಹಕ್ಕಿ ನೆಟ್ಟಗೆ ಮೇಲೇರುವುದರಲ್ಲಿ ಅಷ್ಟು ಚುರುಕಲ್ಲ.

ಗಾಳಿಯ ದಿನ ಮೊದಲು ಗಾಳಿಗೆ ಎದುರಾಗಿ ಕಳುಹಿಸುವುದು, ಬರುವಾಗ ಗಾಳಿ ಬೆನ್ನಿಗಿರುವ ಹಾಗೆ. ಬ್ಯಾಟರಿ ಶೇ. 40ಕ್ಕೆ ಇಳಿದರೆ ಮರಳಿ, ಶೇ. 25ರೊಳಗೆ ನೆಲಕ್ಕೆ. ಮೂರು ದಿನಕ್ಕಿಂತ ಹೆಚ್ಚು ಹಾರಿಸದಿದ್ದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಇಡುವುದು. ತುಂಬಿಸಿ ಇಟ್ಟದ್ದೇ ಬೇಗ ಉಬ್ಬುತ್ತದೆ.

ಇಲ್ಲಿ ಲೆಕ್ಕ ಇನ್ನೊಮ್ಮೆ ತಿರುಗಿಬಿತ್ತು. ಪದವಿನಿಂದ ಏರಿಸಿದರೆ ಗುಡ್ಡೆಗೆ ಬಡಿಯುವ ಭಯವಿಲ್ಲ, 30 ಮೀಟರಿನ ಆರ್‌ಟಿಎಚ್ ಸಾಕು. ಆದರೆ ಅಲ್ಲಿಂದ ಕಣಿವೆಯ ಮೇಲೆ ಹೋಗಿ ತೆರೆಯಲ್ಲಿ 110 ಕಂಡರೆ, ಕೆಳಗಿನ ತೋಟದಿಂದ ಅದು 148 ಮೀಟರ್. ನಿಯಮದ 120 ದಾಟಿತು, ಹಸಿರು ವಲಯ ಮುಗಿದು ಅನುಮತಿ ಬೇಕಾದ ಹಳದಿಗೆ ಹೋಯಿತು. ಹಾಗಾಗಿ ಪದವಿನ ದಿನಗಳಿಗೆ ಆ್ಯಪಿನಲ್ಲಿ ಗರಿಷ್ಠ ಎತ್ತರ 80 ಎಂದು ಕಟ್ಟಿಹಾಕಿದರು. ನಕ್ಷೆಯನ್ನು ಪ್ರತಿ ಸಲವೂ ನೋಡುವುದು ಬೇರೆ. ಗಣ್ಯರ ಭೇಟಿಯಂಥ ಸಂದರ್ಭದಲ್ಲಿ ಒಂದು ಜಾಗವನ್ನು 96 ಗಂಟೆಯವರೆಗೆ ತಾತ್ಕಾಲಿಕ ಕೆಂಪು ವಲಯ ಮಾಡಬಹುದು, ನಿನ್ನೆಯ ಹಸಿರು ಇಂದು ಇರಬೇಕೆಂದಿಲ್ಲ. ಬೇಕಲ ಕೋಟೆಯ ಯೋಚನೆಯನ್ನೂ ಬಿಟ್ಟರು; ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಆಚೆ ಕಣಿವೆಯ ಮನೆಗೆ ಮಾಸ್ಟ್ರು ಒಂದು ಭಾನುವಾರ ಡ್ರೋನು ಹಿಡಿದುಕೊಂಡೇ ನಡೆದು ಹೋದರು. ಅಜ್ಜಿಯ ಕೈಗೆ ಕೊಟ್ಟು ತೂಕ ನೋಡಿಸಿದರು, ಮದ್ದಿನ ಟ್ಯಾಂಕಿಗೆ ಇದರಲ್ಲಿ ಜಾಗವೇ ಇಲ್ಲವೆಂದು ತೋರಿಸಿದರು. ಅಜ್ಜಿ ತಿರುಗಿಸಿ ಮುರುಗಿಸಿ ನೋಡಿ, “ಆಗ್ಲಿ, ಹಾರ್ಸಿ. ಆದ್ರೆ ಬರುವ ಮೊದ್ಲು ಒಂದು ಫೋನು ಮಾಡಿ” ಎಂದರು. ಆ ಕಡೆಗೆ ಹಾರಿಸುವ ದಿನ ಈಗ ಫೋನು ಹೋಗುತ್ತದೆ. ಮದಕದ ಮೇಲೆ ಹಾರಿಸುವುದಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಉಂಟು: ಅಲುಗುವ ನೀರಿನ ಮೇಲೆ ತಗ್ಗಿನಲ್ಲಿ ಹಾರುವಾಗ ಡ್ರೋನಿನ ಹೊಟ್ಟೆಯಡಿಯ ಕೆಮರಾ ನೆಲವನ್ನು ಗುರುತಿಸಲಾರದೆ ಮೋಸಹೋಗುತ್ತದೆ.

ರಿಮೋಟಿನ ಬೆನ್ನಿಗೆ ಬಿಳಿ ಟೇಪಿನ ಮೇಲೆ ಪೆನ್ನಿನಲ್ಲಿ ಮೂರು ಸಾಲು ಬರೆದಿದೆ. ಅಂಗಳ: ಆರ್‌ಟಿಎಚ್ 65, ಗರಿಷ್ಠ 110. ಪದವು: ಆರ್‌ಟಿಎಚ್ 30, ಗರಿಷ್ಠ 80. ಮೂರನೆಯ ಸಾಲಿನಲ್ಲಿ ಶಾಲೆಯ ಮೈದಾನ ಎಂದಿದೆ, ಎದುರಿಗೆ ಅಂಕಿ ಇಲ್ಲ. ಸುತ್ತಲಿನ ತೆಂಗಿನ ತಲೆಗಳನ್ನೂ ಆಚೆ ಹೋಗುವ ಕರೆಂಟಿನ ಲೈನನ್ನೂ ಇನ್ನೂ ಅಳೆದಿಲ್ಲ. ಅಳೆಯುವವರೆಗೆ ಅಲ್ಲಿಂದ ಡ್ರೋನು ಏರುವುದಿಲ್ಲ.